ಜೀವಕೋಶದ ದುಡಿಮೆ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆಯುವವರ ಕಿವಿಗೆ ಮೊದಲು ಬೀಳುವುದು ಮಗ್ಗಗಳ ಸದ್ದು. ಹಾಸಿನ ಎಳೆಗಳ ನಡುವೆ ಹೊಕ್ಕಿನ ಎಳೆ ಹಾಯುತ್ತದೆ. ಗೇಣು ಗೇಣಾಗಿ ಬಟ್ಟೆ ಬೆಳೆಯುತ್ತದೆ. ಹೀಗೆ ನೇಯ್ದ ಹತ್ತಿಯ ಬಟ್ಟೆಯೊಂದರ ಅಂಚಿನಿಂದ ಒಂದು ನೂಲನ್ನು ಎಳೆದುಕೊಂಡು ನೋಡಿರಿ. ಅದರ ಹುರಿಯನ್ನು ಉಗುರಿನಿಂದ ಮೆಲ್ಲನೆ ಬಿಡಿಸಿದರೆ ಕೂದಲಿಗಿಂತಲೂ ನವುರಾದ ಬಿಡಿ ಎಳೆಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಬೆಳಕಿಗೆ ಹಿಡಿಯಿರಿ. ಅದರ ಉದ್ದ ಸುಮಾರು ಎರಡೂವರೆಯಿಂದ ಮೂರು ಸೆಂಟಿಮೀಟರ್ ಇರಬಹುದು. ಈ ಎಳೆಯು ಹಲವು ಕೋಶಗಳು ಸಾಲುಗೂಡಿ ಆದುದಲ್ಲ. ಇದು ಒಂದೇ ಒಂದು ಜೀವಕೋಶ. ಹತ್ತಿಯ ಬೀಜದ ಹೊರಮೈಯಲ್ಲಿ ಹುಟ್ಟಿ, ಬೆಳೆದು, ತನ್ನ ಕೆಲಸವನ್ನು ಮುಗಿಸಿ ಸತ್ತ ಒಂದು ಜೀವಕೋಶದ ಗೋಡೆಯನ್ನೇ ನಾವು ನೂಲಾಗಿಸಿ ಉಡುತ್ತೇವೆ.

ಜೀವಕೋಶವೆಂದರೆ ಪುಸ್ತಕದಲ್ಲಿರುವ ಒಂದು ಚಿತ್ರ, ಅದರ ಭಾಗಗಳನ್ನು ಗುರುತಿಸಿ ಹೆಸರು ಬರೆದರೆ ಪಾಠ ಮುಗಿಯಿತು ಎಂದು ಭಾವಿಸುವುದುಂಟು. ಆದರೆ ಬಾಗಲಕೋಟೆ ಜಿಲ್ಲೆಯ ಈ ಭಾಗದ ಬದುಕನ್ನು ಸ್ವಲ್ಪ ಸೂಕ್ಷ್ಮವಾಗಿ ಗಮನಿಸಿದರೆ ಆ ಭಾವನೆ ನಿಲ್ಲದು. ರಬಕವಿ-ಬನಹಟ್ಟಿಯ ಸೀರೆ, ಜಮಖಂಡಿಯ ಕಬ್ಬು, ಮಹಾಲಿಂಗಪುರದ ಬೆಲ್ಲ, ಮುಧೋಳದ ಬೇಟೆನಾಯಿ ಇವೆಲ್ಲವೂ ಜೀವಕೋಶಗಳ ದುಡಿಮೆಯ ಫಲಗಳೇ ಆಗಿವೆ. ಆ ದುಡಿಮೆಯ ರೀತಿಯನ್ನು ಅರಿತವನು ತನ್ನ ಹೊಲವನ್ನೂ ಕಸುಬನ್ನೂ ಹೊಸ ಕಣ್ಣಿನಿಂದ ನೋಡಬಲ್ಲನು. ಅರಿಯದವನು ಎಷ್ಟೋ ವೇಳೆ ತಿಳಿಯದೆಯೇ ಅದಕ್ಕೆ ಅಡ್ಡಿಯನ್ನು ಒಡ್ಡುತ್ತಾನೆ.

ಜೀವಕೋಶವನ್ನು ಮನುಷ್ಯನು ಮೊದಲು ಕಂಡ ಕಥೆಯಲ್ಲಿ ಅರಿವೆ ಅಂಗಡಿಗೂ ಒಂದು ಸ್ಥಾನವಿದೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಬೆಂಡಿನ ತೆಳುವಾದ ಸೀಳನ್ನು ತನ್ನ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದನು. ಜೇನುಗೂಡಿನ ಕಣ್ಣುಗಳಂತೆ ಒತ್ತಾಗಿ ಜೋಡಿಸಿದ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವುಗಳಿಗೆ ಆತನು ಕೋಣೆ ಎಂಬ ಅರ್ಥವುಳ್ಳ ಹೆಸರನ್ನೇ ಇಟ್ಟನು. ಆತನು ಕಂಡದ್ದು ಜೀವಂತ ಕೋಶಗಳನ್ನಲ್ಲ. ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಅದೇ ಕಾಲದಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ ಆಂಟೊನಿ ವಾನ್ ಲ್ಯೂವೆನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿ ಇದ್ದನು. ಬಟ್ಟೆಯ ನೂಲು ಒತ್ತಾಗಿದೆಯೋ ಸಡಿಲವಾಗಿದೆಯೋ ಎಂದು ಪರೀಕ್ಷಿಸಲು ಬಟ್ಟೆಯ ವ್ಯಾಪಾರಿಗಳು ಮಸೂರವನ್ನು ಬಳಸುತ್ತಿದ್ದರು. ಈತನು ತಾನೇ ಗಾಜನ್ನು ಉಜ್ಜಿ, ಇನ್ನೂ ಬಲವಾದ ಮಸೂರಗಳನ್ನು ಮಾಡಿಕೊಂಡನು. 1670ರ ದಶಕದಲ್ಲಿ ಅವುಗಳ ಮೂಲಕ ಕೆರೆಯ ನೀರಿನ ಹನಿಯನ್ನು ನೋಡಿದಾಗ ಅದರಲ್ಲಿ ಅಸಂಖ್ಯ ಜೀವಿಗಳು ಓಡಾಡುತ್ತಿದ್ದವು. ಅರಿವೆಯ ಎಳೆಯನ್ನು ಎಣಿಸುತ್ತಿದ್ದ ಕಣ್ಣು ಜೀವದ ಎಳೆಯನ್ನು ಕಂಡಿತು.

ಅನಂತರ ಒಂದೊಂದಾಗಿ ಹೊಸ ಸಂಗತಿಗಳು ಹೊರಬಿದ್ದವು. 1831ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ ಕೋಶದೊಳಗಿನ ಕೋಶಕೇಂದ್ರವನ್ನು ಗುರುತಿಸಿದನು. 1838ರಲ್ಲಿ ಶ್ಲೈಡೆನ್ ಎಂಬಾತನು ಸಸ್ಯಗಳೆಲ್ಲವೂ, 1839ರಲ್ಲಿ ಶ್ವಾನ್ ಎಂಬಾತನು ಪ್ರಾಣಿಗಳೆಲ್ಲವೂ ಜೀವಕೋಶಗಳಿಂದಲೇ ಆಗಿವೆ ಎಂದು ಸಾರಿದರು. 1855ರಲ್ಲಿ ರುಡಾಲ್ಫ್ ವಿರ್ಕೊ ಎಂಬ ವೈದ್ಯನು ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ಮಾತನ್ನು ಸೇರಿಸಿದನು. ಈ ಮೂರು ಮಾತುಗಳೂ ಕೂಡಿ ಜೀವಕೋಶ ಸಿದ್ಧಾಂತವಾಯಿತು. ನಮ್ಮ ನಾಡಿನಲ್ಲಿಯೂ ಸಸ್ಯಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಅಭ್ಯಾಸ ಮಾಡಿ ಜಗತ್ತಿನ ವಿದ್ವಾಂಸರ ಮನ್ನಣೆಯನ್ನು ಪಡೆದವರಿದ್ದಾರೆ. ಅವರಲ್ಲಿ ಬಿ. ಜಿ. ಎಲ್. ಸ್ವಾಮಿಯವರು ಪ್ರಮುಖರು. ಸಸ್ಯಲೋಕವನ್ನು ಕನ್ನಡಿಗರಿಗೆ ಪರಿಚಯಿಸುವ ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು.

ಜೀವಕೋಶವನ್ನು ಕಾಣಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಬಾಗಲಕೋಟೆ ಜಿಲ್ಲೆಯ ಹೊಲಗಳಲ್ಲಿ ಉಳ್ಳಾಗಡ್ಡಿಗೆ ಕೊರತೆಯಿಲ್ಲ. ಅದರ ಒಂದು ದಳದ ಒಳಮೈಯಿಂದ ಗಾಳಿಗೆ ಹಾರುವಷ್ಟು ತೆಳುವಾದ ಪೊರೆಯನ್ನು ಸುಲಿದು, ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಹರಡಿ, ಒಂದು ತೊಟ್ಟು ಅಯೋಡಿನ್ ದ್ರಾವಣವನ್ನು ಹಾಕಿ ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿರಿ. ಇಟ್ಟಿಗೆಗಳನ್ನು ಜೋಡಿಸಿ ಕಟ್ಟಿದಂತೆ ಕೋಶಗಳ ಸಾಲುಗಳು ತೋರುತ್ತವೆ. ಒಂದೊಂದರಲ್ಲಿಯೂ ದುಂಡಾದ ಒಂದು ಚುಕ್ಕೆ ಕಾಣುತ್ತದೆ. ಅದೇ ಕೋಶಕೇಂದ್ರ. ಇನ್ನು ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಘಟಪ್ರಭೆಯು ಕೃಷ್ಣೆಯನ್ನು ಕೂಡುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ನಿಂತಿರುವ ಆ ದಂಡೆಯ ಒಂದು ಹನಿ ನೀರಿನಲ್ಲಿ ಒಂದೇ ಕೋಶದ ಜೀವಿಗಳನ್ನು ಕಾಣಬಹುದು. ಉಣ್ಣುವುದು, ಉಸಿರಾಡುವುದು, ಸಂತಾನವನ್ನು ಬೆಳೆಸುವುದು ಎಲ್ಲವನ್ನೂ ಆ ಒಂದೇ ಕೋಶ ನಡೆಸಿಕೊಂಡು ಹೋಗುತ್ತದೆ. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯವೂ ಏಕಕೋಶಜೀವಿಯೇ. ಆದರೆ ಅದರಲ್ಲಿ ಪೊರೆಯಿಂದ ಆವೃತವಾದ ಕೋಶಕೇಂದ್ರವಿಲ್ಲ. ಮನುಷ್ಯನ ಶರೀರದಲ್ಲಾದರೋ ಸುಮಾರು 30 ಲಕ್ಷ ಕೋಟಿ ಕೋಶಗಳು ಕೆಲಸಗಳನ್ನು ಹಂಚಿಕೊಂಡು ದುಡಿಯುತ್ತವೆ.

ಪ್ರತಿಯೊಂದು ಜೀವಕೋಶಕ್ಕೂ ಒಂದು ಮೇರೆಯಿದೆ. ಅದು ಕೋಶಪೊರೆ. ಇದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ತೆಳುವಾದರೂ ಇದರ ಹೊಣೆ ಬಹು ದೊಡ್ಡದು. ಬೇಕಾದುದನ್ನು ಒಳಗೆ ಬಿಟ್ಟುಕೊಳ್ಳುವುದು, ಬೇಡವಾದುದನ್ನು ಹೊರಗೆ ತಡೆಯುವುದು ಇದರ ಕೆಲಸ. ಸಸ್ಯಕೋಶಗಳಿಗೆ ಈ ಪೊರೆಯ ಹೊರಗೆ ಇನ್ನೂ ಒಂದು ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಭಿತ್ತಿಯು ಮುಖ್ಯವಾಗಿ ಸೆಲ್ಯುಲೋಸ್ ಎಂಬ ವಸ್ತುವಿನಿಂದ ಆಗಿದೆ. ಪ್ರಾಣಿಗಳಂತೆ ಎಲುಬಿಲ್ಲದ ಜೋಳದ ದಂಟು ಆಳೆತ್ತರ ನೆಟ್ಟಗೆ ನಿಲ್ಲುವುದು ಈ ಭಿತ್ತಿಯ ಬಲದಿಂದ ಮತ್ತು ಕೋಶದೊಳಗೆ ತುಂಬಿದ ನೀರಿನ ಒತ್ತಡದಿಂದ.

ನೀರು ಕೋಶಪೊರೆಯನ್ನು ದಾಟುವ ನಿಯಮ ಸರಳವಾದುದು. ಪೊರೆಯ ಒಂದು ಕಡೆ ತಿಳಿಯಾದ ನೀರೂ ಇನ್ನೊಂದು ಕಡೆ ಉಪ್ಪು ಅಥವಾ ಸಕ್ಕರೆ ಹೆಚ್ಚಾಗಿ ಕರಗಿದ ನೀರೂ ಇದ್ದರೆ, ತಿಳಿಯ ಕಡೆಯಿಂದ ಮಂದದ ಕಡೆಗೆ ನೀರು ಸಾಗುತ್ತದೆ. ಇದಕ್ಕೆ ಅಭಿಸರಣೆ ಎಂದು ಹೆಸರು. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪನ್ನು ಬೆರೆಸಿಟ್ಟರೆ ಮರುದಿನ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ, ಹೋಳುಗಳು ಸುಕ್ಕಾಗಿರುತ್ತವೆ. ಅಲ್ಲಿ ಯಾರೂ ನೀರನ್ನು ಹಾಕಿಲ್ಲ. ಹೊರಗಿನ ಉಪ್ಪು ಕೋಶಗಳೊಳಗಿನ ನೀರನ್ನು ಎಳೆದುಕೊಂಡಿದೆ.

ಅಡುಗೆಮನೆಯಲ್ಲಿ ನಡೆಯುವ ಈ ಸಂಗತಿಯೇ ಹೊಲದಲ್ಲಿ ನಡೆದರೆ ಏನಾಗುವುದೆಂದು ಯೋಚಿಸಿರಿ. ಬೇರಿನ ತುದಿಯ ಬಳಿ ಇರುವ ಕೂದಲಿನಂಥ ಕೋಶಗಳು ಮಣ್ಣಿನ ನೀರಿಗಿಂತ ತಮ್ಮೊಳಗಿನ ರಸ ಮಂದವಾಗಿರುವುದರಿಂದಲೇ ನೀರನ್ನು ಹೀರುತ್ತವೆ. ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯ ಎರೆಭೂಮಿಯಲ್ಲಿ, ಜಮಖಂಡಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ, ಕಬ್ಬಿಗೆ ಅಳತೆಮೀರಿ ನೀರು ಹಾಯಿಸಿದ ಕಡೆ ನೆಲದಾಳದ ಲವಣಗಳು ನೀರಿನೊಡನೆ ಮೇಲಕ್ಕೆ ಬಂದವು. ನೀರು ಆವಿಯಾಗಿ ಹೋಯಿತು, ಲವಣ ಉಳಿಯಿತು. ಅಂಥ ನೆಲವನ್ನು ರೈತರು ಸವಳು ಎನ್ನುತ್ತಾರೆ. ಸವಳು ನೆಲದಲ್ಲಿ ಹಸಿಯಿದ್ದರೂ ಬೆಳೆ ಬಾಡುತ್ತದೆ. ಬೇರಿನ ಕೋಶಗಳ ಸುತ್ತಲಿನ ನೀರೇ ಉಪ್ಪಿನಿಂದ ಮಂದವಾಗಿರುವಾಗ ಅವು ಅದನ್ನು ಹೀರುವುದು ಹೇಗೆ? ನೀರಿನ ನಡುವೆಯೇ ಬೆಳೆಗೆ ಬಾಯಾರಿಕೆ. ಮತ್ತಷ್ಟು ನೀರನ್ನು ಹಾಯಿಸಿದರೆ ಈ ಬಾಯಾರಿಕೆ ಹಿಂಗದು, ಹೆಚ್ಚುವುದೂ ಉಂಟು.

ಕೋಶಪೊರೆಯಿಂದ ಒಳಕ್ಕೆ ಬಂದರೆ ಅರೆಮಂದವಾದ ಕೋಶದ್ರವವೂ ಅದರಲ್ಲಿ ತೇಲುವ ಹಲವು ಕಣದಂಗಗಳೂ ಕಾಣುತ್ತವೆ. ಹಸಿರು ಎಲೆಯ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್‌ಗಳಿವೆ. ಅವುಗಳಲ್ಲಿರುವ ಪತ್ರಹರಿತ್ತು ಬಿಸಿಲಿನ ಶಕ್ತಿಯನ್ನು ಹಿಡಿಯುತ್ತದೆ; ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಸಕ್ಕರೆ ಸಿದ್ಧವಾಗುತ್ತದೆ. ಕಬ್ಬಿನ ಎಲೆಯಲ್ಲಿ ಈ ಕೆಲಸ ವಿಶೇಷ ರೀತಿಯಲ್ಲಿ ನಡೆಯುತ್ತದೆ. ಹವಾಯಿಯ ವಿಜ್ಞಾನಿಗಳು ಕಂಡಿದ್ದ ಸುಳಿವನ್ನು ಹಿಡಿದು ಹ್ಯಾಚ್ ಮತ್ತು ಸ್ಲಾಕ್ ಎಂಬುವರು ಆಸ್ಟ್ರೇಲಿಯದಲ್ಲಿ ಕಬ್ಬಿನ ಎಲೆಯನ್ನು ಅಭ್ಯಸಿಸಿ 1966ರಲ್ಲಿ ಈ ರೀತಿಯನ್ನು ವಿವರಿಸಿದರು. ಅದರಂತೆ ಎಲೆಯ ಒಂದು ಬಗೆಯ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದು, ನಾಳಗಳನ್ನು ಸುತ್ತುವರಿದಿರುವ ಇನ್ನೊಂದು ಬಗೆಯ ಕೋಶಗಳಿಗೆ ಒಪ್ಪಿಸುತ್ತವೆ. ಸಕ್ಕರೆಯ ತಯಾರಿಕೆ ಅಲ್ಲಿ ಮುಂದುವರಿಯುತ್ತದೆ. ಈ ಹಂಚಿಕೆಯ ಫಲವಾಗಿ ಬಿರುಬಿಸಿಲಿನಲ್ಲಿಯೂ ಕಬ್ಬು ಚೆನ್ನಾಗಿ ಬೆಳೆಯುತ್ತದೆ. ಜೋಳ ಮತ್ತು ಮೆಕ್ಕೆಜೋಳಗಳೂ ಇದೇ ಮಾರ್ಗವನ್ನು ಅನುಸರಿಸುತ್ತವೆ.

ಎಲೆಯಲ್ಲಿ ಆದ ಸಕ್ಕರೆಯು ನಾಳಗಳ ಮೂಲಕ ಕಾಂಡಕ್ಕೆ ಇಳಿದು ಅಲ್ಲಿನ ಕೋಶಗಳ ರಸದಾನಿಗಳಲ್ಲಿ ಸಂಗ್ರಹವಾಗುತ್ತದೆ. ಬೆಳೆದ ಸಸ್ಯಕೋಶದಲ್ಲಿ ರಸದಾನಿಯೇ ಬಹುಪಾಲು ಸ್ಥಳವನ್ನು ಆಕ್ರಮಿಸಿಕೊಂಡಿರುತ್ತದೆ. ಗಾಣಕ್ಕೆ ಕಬ್ಬನ್ನು ಕೊಟ್ಟಾಗ ಅದರ ಉರುಳೆಗಳು ಮಾಡುವ ಕೆಲಸವೆಂದರೆ ಕೋಶಭಿತ್ತಿಗಳನ್ನು ಒಡೆದು ರಸದಾನಿಗಳನ್ನು ಬರಿದು ಮಾಡುವುದು. ಉಳಿಯುವ ಸಿಪ್ಪೆ ಬಹುಮಟ್ಟಿಗೆ ಕೋಶಭಿತ್ತಿಗಳ ರಾಶಿ. ಕೊಪ್ಪರಿಗೆಯಲ್ಲಿ ರಸ ಕಾಯುವಾಗ ಮೇಲೆ ಬರುವ ನೊರೆಮಡ್ಡಿಯಲ್ಲಿ ಒಡೆದ ಕೋಶಗಳ ಪ್ರೋಟೀನುಗಳು ಹೆಪ್ಪುಗಟ್ಟಿ ಸೇರಿರುತ್ತವೆ. ಅದನ್ನು ಸುಣ್ಣದ ನೀರಿನ ನೆರವಿನಿಂದ ತೆಗೆದು ರಸವನ್ನು ತಿಳಿಗೊಳಿಸಿದರೆ ಬೆಲ್ಲದ ಬಣ್ಣ ಒಪ್ಪವಾಗುತ್ತದೆ. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ಪೆಂಟೆಗೆ ಸಿಗುವ ಬೆಲೆ ಈ ಒಪ್ಪವನ್ನೂ ಅವಲಂಬಿಸಿದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಬ್ಬನ್ನು ಕಡಿದೊಡನೆ ಅದರ ಕೋಶಗಳು ಸಾಯುವುದಿಲ್ಲ. ಅವು ಉಸಿರಾಡುತ್ತಲೇ ಇರುತ್ತವೆ. ಕೂಡಿಟ್ಟ ಸಕ್ಕರೆಯನ್ನು ತಾವೇ ಖರ್ಚು ಮಾಡುತ್ತವೆ. ಅಲ್ಲದೆ ಅವುಗಳಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಇವು ಸುಕ್ರೋಸಿನಂತೆ ಸುಲಭವಾಗಿ ಹರಳುಗಟ್ಟುವುದಿಲ್ಲ. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ನಿಂತರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಇಳುವರಿಯೂ ತಗ್ಗುತ್ತದೆ. ಆದುದರಿಂದಲೇ ಕಡಿದ ಕಬ್ಬನ್ನು ಒಂದು ದಿನದೊಳಗೆ ನುರಿಸುವುದು ಉತ್ತಮವೆಂದು ತಿಳಿದವರು ಹೇಳುತ್ತಾರೆ. ಸಾಲಾಗಿ ನಿಂತ ಬಂಡಿ, ಟ್ರ್ಯಾಕ್ಟರುಗಳಲ್ಲಿ ಕಬ್ಬು ಒಣಗುತ್ತಿರುವಾಗ ಒಂದು ವರ್ಷದ ದುಡಿಮೆ ಕೋಶ ಕೋಶದಲ್ಲಿಯೂ ಕರಗುತ್ತಿರುತ್ತದೆ.

ಸಕ್ಕರೆಯನ್ನು ಕೂಡಿಡುವುದು ಒಂದು ಕೆಲಸವಾದರೆ, ಅದರಿಂದ ಶಕ್ತಿಯನ್ನು ಬಿಡಿಸಿಕೊಳ್ಳುವುದು ಇನ್ನೊಂದು. ಈ ಎರಡನೆಯ ಕೆಲಸ ಮುಖ್ಯವಾಗಿ ಮೈಟೋಕಾಂಡ್ರಿಯಗಳಲ್ಲಿ ನಡೆಯುತ್ತದೆ. ಅವು ಆಮ್ಲಜನಕದ ಸಹಾಯದಿಂದ ಆಹಾರದಲ್ಲಿನ ಶಕ್ತಿಯನ್ನು ಬಿಡಿಸಿ, ಕೋಶದ ಎಲ್ಲ ಕೆಲಸಗಳಿಗೂ ಒದಗುವ ರೂಪಕ್ಕೆ ತರುತ್ತವೆ. ಹೆಚ್ಚು ದುಡಿಯುವ ಕೋಶಗಳಲ್ಲಿ ಅವುಗಳ ಸಂಖ್ಯೆಯೂ ಹೆಚ್ಚು. ನೀಳವಾದ ಕಾಲು, ಒಳಸೇರಿದ ಹೊಟ್ಟೆ, ದೂರಕ್ಕೆ ಹಾಯುವ ದೃಷ್ಟಿಯುಳ್ಳ ಮುಧೋಳದ ಬೇಟೆನಾಯಿಯು ಬಯಲಿನಲ್ಲಿ ಮೊಲವನ್ನು ಅಟ್ಟಿಸಿಕೊಂಡು ಓಡುವಾಗ ಅದರ ಸ್ನಾಯುಕೋಶಗಳ ಮೈಟೋಕಾಂಡ್ರಿಯಗಳು ಬಿಡುವಿಲ್ಲದೆ ದುಡಿಯುತ್ತವೆ. ಗಿಡಗಳ ಬೇರಿನ ಕೋಶಗಳಲ್ಲಿಯೂ ಮೈಟೋಕಾಂಡ್ರಿಯಗಳಿವೆ. ಅವುಗಳಿಗೂ ಆಮ್ಲಜನಕ ಬೇಕು. ಮಣ್ಣಿನ ಕಣಗಳ ನಡುವಣ ಗಾಳಿಯ ಸ್ಥಳವನ್ನೆಲ್ಲ ನೀರೇ ತುಂಬಿದರೆ ಬೇರು ಉಸಿರುಗಟ್ಟುತ್ತದೆ. ಇದು ಜವಳು. ಸವಳು ಮತ್ತು ಜವಳು ಎಂದು ರೈತನು ಒಂದೇ ಉಸಿರಿನಲ್ಲಿ ಹೇಳುವ ಎರಡು ಕೇಡುಗಳು ಬೇರೆ ಬೇರೆ: ಒಂದು ಕೋಶಪೊರೆಯ ಕೆಲಸವನ್ನು ಕೆಡಿಸುತ್ತದೆ, ಇನ್ನೊಂದು ಮೈಟೋಕಾಂಡ್ರಿಯದ ಕೆಲಸವನ್ನು ನಿಲ್ಲಿಸುತ್ತದೆ.

ಇಷ್ಟೆಲ್ಲ ಕೆಲಸಗಳಿಗೆ ವಿಧಿಯನ್ನು ಒದಗಿಸುವುದು ಕೋಶಕೇಂದ್ರ. ಅದರೊಳಗಿರುವ ವರ್ಣತಂತುಗಳಲ್ಲಿ ಡಿ.ಎನ್.ಎ. ಎಂಬ ನೀಳವಾದ ಅಣು ಇದೆ. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಗುಣಗಳ ಬರಹ ಅದರಲ್ಲಿದೆ. ಮನುಷ್ಯನ ಶರೀರದ ಸಾಮಾನ್ಯ ಕೋಶದಲ್ಲಿ 46 ವರ್ಣತಂತುಗಳು, ನಾಯಿಯ ಕೋಶದಲ್ಲಿ 78. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಬೇಟೆನಾಯಿಯ ತಳಿಯು ತಲೆಮಾರುಗಳಿಂದ ತನ್ನ ರೂಪವನ್ನು ಉಳಿಸಿಕೊಂಡು ಬಂದಿರುವುದು ಈ ಬರಹ ಕೋಶದಿಂದ ಕೋಶಕ್ಕೆ ತಪ್ಪಿಲ್ಲದೆ ನಕಲಾಗುವುದರಿಂದ. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಈ ತಳಿಯ ಸಂರಕ್ಷಣೆಗೆಂದು ಸಂಶೋಧನ ಕೇಂದ್ರವೂ ಇದೆ.

ಈ ಬರಹವನ್ನು ಬೆರೆಸಿ ಹೊಸ ಗುಣಗಳನ್ನು ಪಡೆಯುವುದೂ ಸಾಧ್ಯ. ನಮ್ಮ ಹಳೆಯ ನಾಡಹತ್ತಿಯ ಕೋಶದಲ್ಲಿ 26 ವರ್ಣತಂತುಗಳು; ಅದರ ಎಳೆ ಗಿಡ್ಡ. ಅಮೆರಿಕದ ಕಡೆಯಿಂದ ಬಂದ ಹತ್ತಿಗಳ ಕೋಶದಲ್ಲಿ 52. ಹೀಗೆ 52 ವರ್ಣತಂತುಗಳುಳ್ಳ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಧಾರವಾಡದ ವಿಜ್ಞಾನಿಗಳು 1972ರಲ್ಲಿ ವರಲಕ್ಷ್ಮಿ, 1981ರಲ್ಲಿ ಜಯಲಕ್ಷ್ಮಿ ಎಂಬ ಸಂಕರ ತಳಿಗಳನ್ನು ಹೊರತಂದರು. ಉದ್ದವಾದ ನವುರು ಎಳೆಗಾಗಿ ಇವು ಹೆಸರಾದವು. ಎಳೆ ಉದ್ದವಾದಷ್ಟೂ ಸಣ್ಣ ನೂಲನ್ನು ತೆಗೆಯಲು ಅನುಕೂಲ. ನೇಕಾರನ ಕೈಗೆ ಬರುವ ನೂಲಿನ ಗುಣವು ಹೀಗೆ ಕೋಶಕೇಂದ್ರದಲ್ಲಿಯೇ ಮೊದಲಾಗುತ್ತದೆ.

ಕೋಶಕೇಂದ್ರದ ವಿಧಿಯು ಕಾರ್ಯರೂಪಕ್ಕೆ ಬರುವ ಬಗೆಯನ್ನು ತಿಳಿಯಲು ರೇಷ್ಮೆಯ ಹುಳು ಒಳ್ಳೆಯ ನಿದರ್ಶನ. ಹತ್ತಿಯ ಎಳೆಯು ಸ್ವತಃ ಒಂದು ಕೋಶ. ರೇಷ್ಮೆಯ ಎಳೆಯಾದರೋ ಕೋಶಗಳು ತಯಾರಿಸಿ ಹೊರಬಿಟ್ಟ ಪ್ರೋಟೀನು. ಹುಳುವಿನ ರೇಷ್ಮೆಗ್ರಂಥಿಯ ಕೋಶಗಳು ಬಹು ದೊಡ್ಡವು. ಅವುಗಳ ಕೋಶಕೇಂದ್ರವು ಗಿಡದ ಕೊಂಬೆಗಳಂತೆ ಕವಲೊಡೆದಿರುತ್ತದೆ. ಅಲ್ಲಿಂದ ರೇಷ್ಮೆಯ ಪ್ರೋಟೀನಿನ ವಿಧಿಯು ಆರ್.ಎನ್.ಎ. ಎಂಬ ದೂತನ ಮೂಲಕ ಹೊರಬರುತ್ತದೆ. ರೈಬೋಸೋಮ್ ಎಂಬ ಅತಿ ಸಣ್ಣ ಕಣಗಳು ಆ ವಿಧಿಯಂತೆ ಅಮೈನೋ ಆಮ್ಲಗಳನ್ನು ಒಂದರ ಮುಂದೊಂದಾಗಿ ಪೋಣಿಸುತ್ತವೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಪೊರೆಗಳ ಜಾಲವು ಹಾಗೆ ಆದ ಪ್ರೋಟೀನನ್ನು ಒಳಗೆ ತೆಗೆದುಕೊಂಡು ಸಾಗಿಸುತ್ತದೆ. ಇಟಲಿಯ ಕಮಿಲ್ಲೊ ಗಾಲ್ಗಿ 1898ರಲ್ಲಿ ವರ್ಣಿಸಿದ ಗಾಲ್ಗಿ ಸಂಕೀರ್ಣವು ಅದನ್ನು ಹದಗೊಳಿಸಿ, ಸಣ್ಣ ಚೀಲಗಳಲ್ಲಿ ತುಂಬಿ, ಕೋಶಪೊರೆಯ ಕಡೆಗೆ ಕಳುಹಿಸುತ್ತದೆ. ಅಲ್ಲಿಂದ ಅದು ಗ್ರಂಥಿಯ ನಾಳಕ್ಕೆ ಇಳಿದು, ಹುಳುವಿನ ಬಾಯಿಯ ಬಳಿ ಎಳೆಯಾಗಿ ಗಟ್ಟಿಗೊಳ್ಳುತ್ತದೆ. ಒಂದು ಗೂಡಿನಲ್ಲಿ ನೂರಾರು ಮೀಟರ್ ಉದ್ದದ ಎಳೆಯಿರುತ್ತದೆ. ಹುಳುವು ಗೂಡಿನೊಳಗೆ ಪತಂಗವಾಗಿ ಮಾರ್ಪಡುವಾಗ ಕೆಲಸ ಮುಗಿಸಿದ ಈ ಗ್ರಂಥಿ ಕರಗಿಹೋಗುತ್ತದೆ. ಸವೆದ ಭಾಗಗಳನ್ನು ಜೀರ್ಣಿಸುವ ಲೈಸೋಸೋಮ್ ಎಂಬ ಕಣದಂಗಗಳು ಆ ಕಾರ್ಯದಲ್ಲಿಯೂ ಪಾಲುಗೊಳ್ಳುತ್ತವೆ.

ಈಗ ಹತ್ತಿಯ ಎಳೆಯ ಜೀವನವನ್ನು ಒಮ್ಮೆ ಪೂರ್ತಿಯಾಗಿ ನೋಡಬಹುದು. ಹೂವು ಅರಳುವ ದಿನದ ಆಸುಪಾಸಿನಲ್ಲಿ, ಮುಂದೆ ಬೀಜವಾಗಲಿರುವ ಅಂಡಕದ ಹೊರಮೈಯ ಕೆಲವು ಕೋಶಗಳು ಗುಳ್ಳೆಗಳಂತೆ ಮೇಲೇಳುತ್ತವೆ. ರಸದಾನಿಯು ಸಕ್ಕರೆ ಮತ್ತು ಪೊಟ್ಯಾಸಿಯಮ್ ಲವಣಗಳನ್ನು ತುಂಬಿಕೊಂಡು, ಅಭಿಸರಣೆಯಿಂದ ನೀರನ್ನು ಎಳೆದು ಉಬ್ಬುತ್ತದೆ. ಆ ಒತ್ತಡಕ್ಕೆ ಎಳೆಯದಾದ ಭಿತ್ತಿ ಹಿಗ್ಗುತ್ತದೆ. ಸುಮಾರು ಮೂರು ವಾರಗಳಲ್ಲಿ ಆ ಒಂದು ಕೋಶ ತನ್ನ ದಪ್ಪಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಉದ್ದವಾಗಿ ಚಾಚಿಕೊಳ್ಳುತ್ತದೆ. ಆಮೇಲೆ ಉದ್ದ ಬೆಳೆಯುವುದು ನಿಂತು ಒಳಗಿನಿಂದ ಸೆಲ್ಯುಲೋಸಿನ ಪದರಗಳು ಒಂದರ ಮೇಲೊಂದು ಕೂಡುತ್ತವೆ. ಈ ಸೆಲ್ಯುಲೋಸ್ ಎಂದರೇನು? ಸಾವಿರಾರು ಗ್ಲೂಕೋಸ್ ಕಣಗಳನ್ನು ಸರಪಳಿಯಂತೆ ಕೂಡಿಸಿದ ವಸ್ತು. ಕಬ್ಬಿನ ಸುಕ್ರೋಸಿನಲ್ಲಿಯೂ ಗ್ಲೂಕೋಸ್ ಇದೆ. ಒಂದೇ ಸಕ್ಕರೆಯು ಒಂದು ಗಿಡದ ರಸದಾನಿಯಲ್ಲಿ ನಿಂತು ಬೆಲ್ಲವಾಯಿತು. ಇನ್ನೊಂದು ಗಿಡದ ಕೋಶಭಿತ್ತಿಯಲ್ಲಿ ಸರಪಳಿಯಾಗಿ ಬಟ್ಟೆಯಾಯಿತು. ಒಂದು ನೀರಿನಲ್ಲಿ ಕರಗುತ್ತದೆ. ಇನ್ನೊಂದನ್ನು ನಾವು ನೀರಿನಲ್ಲಿ ಒಗೆದು ಮತ್ತೆ ಉಡುತ್ತೇವೆ.

ಭಿತ್ತಿ ತುಂಬಿದ ಮೇಲೆ ಕೋಶವು ಸಾಯುತ್ತದೆ. ಕಾಯಿ ಬಿರಿದಾಗ ಎಳೆ ಒಣಗಿ, ಟೊಳ್ಳು ಕುಸಿದು, ರಿಬ್ಬನ್ನಿನಂತೆ ಚಪ್ಪಟೆಯಾಗಿ ಅಲ್ಲಲ್ಲಿ ತಿರುಚಿಕೊಳ್ಳುತ್ತದೆ. ಈ ತಿರುಚಿನಿಂದಲೇ ಒಂದು ಎಳೆ ಇನ್ನೊಂದನ್ನು ಹಿಡಿದು ನೂಲು ಗಟ್ಟಿಯಾಗುತ್ತದೆ. ಆದರೆ ಗಿಡಕ್ಕೆ ನೀರಿನ ಕೊರತೆಯೋ ರೋಗವೋ ತಗಲಿ ಭಿತ್ತಿ ತುಂಬುವ ಮೊದಲೇ ಕೋಶ ಸತ್ತರೆ ಎಳೆ ಪೊಳ್ಳಾಗಿ ಉಳಿಯುತ್ತದೆ. ಅಂಥ ಎಳೆಗಳು ಗಂಟುಗಟ್ಟುತ್ತವೆ. ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಬಣ್ಣ ಹಾಕಿದ ಬಟ್ಟೆಯ ಮೇಲೆ ಕಾಣುವ ಬಿಳಿಯ ಚುಕ್ಕೆಗಳಲ್ಲಿ ಎಷ್ಟೋ ಇಂಥವು. ಎಲ್ಲಿಯೋ ಒಂದು ಹೊಲದಲ್ಲಿ ಅರ್ಧಕ್ಕೆ ನಿಂತ ಕೋಶದ ಕೆಲಸವು ತಿಂಗಳುಗಳ ನಂತರ ನೇಕಾರನ ಕೂಲಿಯಲ್ಲಿ ನಷ್ಟವಾಗಿ ತೋರುತ್ತದೆ.

ಕೋಶದ ಯಾವ ಭಾಗವೂ ತನಗಾಗಿ ಮಾತ್ರ ದುಡಿಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕ್ಲೋರೋಪ್ಲಾಸ್ಟ್ ಮಾಡಿದ ಸಕ್ಕರೆ ಮೈಟೋಕಾಂಡ್ರಿಯಕ್ಕೆ ಬೇಕು. ಮೈಟೋಕಾಂಡ್ರಿಯ ಬಿಡಿಸಿದ ಶಕ್ತಿ ರೈಬೋಸೋಮಿಗೆ ಬೇಕು. ಕೋಶಪೊರೆ ತನ್ನ ಕಾವಲನ್ನು ಬಿಟ್ಟರೆ ಉಳಿದವೆಲ್ಲವೂ ವ್ಯರ್ಥ. ಕೋಶಕೋಶಗಳ ನಡುವಣ ಸಂಬಂಧವೂ ಹೀಗೆಯೇ. ಎಲೆಯು ದುಡಿದುದನ್ನು ಕಾಂಡ ಕೂಡಿಡುತ್ತದೆ. ಬೇರು ಹೀರಿದುದನ್ನು ಎಲೆ ಬಳಸುತ್ತದೆ. ಈ ದುಡಿಮೆಯ ಕೊನೆಯ ಫಲವನ್ನು ಮನುಷ್ಯನು ಪಡೆಯುತ್ತಾನೆ. ಪಡೆಯುವವನಿಗೆ ಕಾಪಾಡುವ ಹೊಣೆಯೂ ಇರುತ್ತದೆ.

ಸವಳು-ಜವಳು ಹಿಡಿದ ನೆಲವನ್ನು ಸರಿಪಡಿಸುವುದು ಅಸಾಧ್ಯವಲ್ಲ. ಬಸಿಗಾಲುವೆಗಳನ್ನು ತೆಗೆದು ಹೆಚ್ಚಿನ ನೀರನ್ನೂ ಲವಣವನ್ನೂ ಹೊರಹಾಕಬಹುದು. ಸೆಣಬು ಮೊದಲಾದ ಹಸಿರೆಲೆ ಗೊಬ್ಬರದ ಬೆಳೆಗಳನ್ನು ಬೆಳೆದು ಮಣ್ಣಿಗೆ ಸೇರಿಸಬಹುದು. ಹನಿ ನೀರಾವರಿಯಿಂದ ಬೇರಿಗೆ ಬೇಕಾದಷ್ಟೇ ನೀರನ್ನು ಕೊಡಬಹುದು. ಆದರೆ ಕೆಟ್ಟ ನೆಲ ಹದಕ್ಕೆ ಬರಲು ಖರ್ಚೂ ವರ್ಷಗಳೂ ಹಿಡಿಯುತ್ತವೆ. ಕೆಡದಂತೆ ನೋಡಿಕೊಳ್ಳಲು ವಿವೇಕವೊಂದಿದ್ದರೆ ಸಾಕು. ಕಬ್ಬಿನ ಬೇರಿನ ತುದಿಯಲ್ಲಿ ದುಡಿಯುವ ಜೀವಕೋಶಕ್ಕೆ ಬಾಯಿಲ್ಲ. ತನಗೆ ನೀರು ಸಾಕಾಯಿತೆಂದಾಗಲಿ ಉಸಿರುಗಟ್ಟುತ್ತಿದೆಯೆಂದಾಗಲಿ ಅದು ಹೇಳಲಾರದು. ಹಳದಿಯಾದ ಎಲೆ, ಕುಂಠಿತವಾದ ಗಣಿಕೆ, ನೆಲದ ಮೇಲೆ ಬಿಳಿದಾಗಿ ಹರಡಿದ ಲವಣ ಇವೇ ಅದರ ಮಾತು. ಅಕ್ಷರ ಬಲ್ಲವರು ಪುಸ್ತಕವನ್ನು ಓದುತ್ತಾರೆ. ಜೀವಕೋಶವನ್ನು ಬಲ್ಲವರು ಹೊಲವನ್ನೂ ಓದಬಲ್ಲರು.

ಅಭ್ಯಾಸ

1. ಹತ್ತಿಯ ಎಳೆಗೂ ರೇಷ್ಮೆಯ ಎಳೆಗೂ ಇರುವ ಮೂಲಭೂತ ವ್ಯತ್ಯಾಸವೇನು?
2. ಲ್ಯೂವೆನ್‌ಹುಕ್‌ನ ಕಸುಬು ಆತನ ಸಂಶೋಧನೆಗೆ ಹೇಗೆ ನೆರವಾಯಿತು?
3. ಕಡಿದ ಕಬ್ಬನ್ನು ಬೇಗನೆ ನುರಿಸಬೇಕು ಎನ್ನಲು ಕಾರಣಗಳನ್ನು ಬರೆಯಿರಿ.
4. 'ನೀರಿನ ನಡುವೆಯೇ ಬೆಳೆಗೆ ಬಾಯಾರಿಕೆ.' ಈ ಮಾತನ್ನು ಸಂದರ್ಭಸಹಿತ ವಿವರಿಸಿರಿ.
5. ಸವಳು ಮತ್ತು ಜವಳುಗಳು ಜೀವಕೋಶದ ಯಾವ ಯಾವ ಭಾಗಗಳ ಕೆಲಸಕ್ಕೆ ಅಡ್ಡಿಯಾಗುತ್ತವೆ? ವಿವರಿಸಿರಿ.
6. ನಿಮ್ಮ ಊರಿನ ಒಂದು ಬೆಳೆ ಅಥವಾ ಕಸುಬನ್ನು ಆರಿಸಿಕೊಂಡು, ಅದರ ಹಿಂದಿರುವ ಜೀವಕೋಶಗಳ ದುಡಿಮೆಯನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.